ನಿರ್ಮಾಣ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಸಿವಿಲ್ ಪದವೀಧರರಿಗೆ ಸಮಗ್ರ ಮಾರ್ಗದರ್ಶಿ

ಎಂ.ಟೆಕ್ ಪ್ರವೇಶಕ್ಕೆ ನಡೆಯುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯ ಫಲಿತಾಂಶ ಬಂದ ಮೇಲೆ, ಮಾರ್ಚ್ ಕೊನೆಯಿಂದ ಜುಲೈವರೆಗೆ, ನಮ್ಮ ಮೂರೂ ಜಿಲ್ಲೆಗಳ ಸಿವಿಲ್ ಪದವೀಧರರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ‘ಅಂಕ ಸಾಕಷ್ಟಿತ್ತು, ಜಾತಿ ಪ್ರಮಾಣಪತ್ರ ಒಪ್ಪಲಿಲ್ಲ.’ ‘ಐಐಟಿಗಳಿಗೆ ಬೇರೆ ಬೇರೆ ಅರ್ಜಿ ಹಾಕಬೇಕೆಂದು ಯಾರೂ ಹೇಳಲಿಲ್ಲ.’ ‘371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಇದ್ದರೂ ಸುರತ್ಕಲ್‌ನಲ್ಲಿ ಸೀಟು ಏಕೆ ಸಿಗಲಿಲ್ಲ?’ ಇವರಲ್ಲಿ ಬಹುತೇಕರು ಪರೀಕ್ಷೆಯಲ್ಲಿ ಸೋತವರಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬಲ್ಲಿ ಎಡವಿದವರು. ವೇಳಾಪಟ್ಟಿ ಹಾಕುವುದನ್ನೇ ಎರಡು ವರ್ಷ ಕಲಿಯಲು ಹೊರಟವರು ತಮ್ಮದೇ ವೇಳಾಪಟ್ಟಿಯಲ್ಲಿ ಬೀಳುತ್ತಿದ್ದಾರೆ.

ಆದ್ದರಿಂದ ಇಲ್ಲಿ ಕೋರ್ಸಿನ ಹಿರಿಮೆ ಹೇಳುವುದಿಲ್ಲ. ಏನನ್ನು ಯಾವಾಗ ಮಾಡಬೇಕು, ಎಲ್ಲಿ ಕೆಡುತ್ತದೆ, ಕೆಡುವ ಮೊದಲು ಏನು ಕಾಣಿಸುತ್ತದೆ ಎಂಬುದಷ್ಟೇ ಇದೆ.

## ಮೊದಲು ಕೈಯಲ್ಲಿರಬೇಕಾದವು

ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್, ಬಿ.ಇ. ಅಂಕಪಟ್ಟಿಗಳು, ಬ್ಯಾಂಕ್ ಪಾಸ್‌ಬುಕ್: ಇವನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿ ಹೆಸರು ಓದಿ. ಎಸ್ಎಸ್ಎಲ್‌ಸಿಯಲ್ಲಿ ‘ಮಲ್ಲಿಕಾರ್ಜುನ ಎಚ್.’, ಆಧಾರ್‌ನಲ್ಲಿ ‘ಮಲ್ಲಿಕಾರ್ಜುನ ಹಿರೇಮಠ’, ಬ್ಯಾಂಕಿನಲ್ಲಿ ‘ಎಚ್. ಮಲ್ಲಿಕಾರ್ಜುನಯ್ಯ’ ಎಂದಿದ್ದರೆ ಓದು ಆರಂಭಿಸುವ ಮೊದಲು ಅದನ್ನು ಸರಿಪಡಿಸಿ. ಎಸ್ಎಸ್ಎಲ್‌ಸಿ ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ. ಅಂಕಪಟ್ಟಿಯನ್ನೇ ತಿದ್ದಿಸಲು ಹೊರಟರೆ ವರ್ಷ ಕಳೆದೀತು.

ಇದರ ಜೊತೆಗೆ ನಾಲ್ಕು ವರ್ಷ ಬದಲಾಯಿಸದ ಒಂದು ಮೊಬೈಲ್ ಸಂಖ್ಯೆ ಮತ್ತು ನಿಮ್ಮದೇ ಇಮೇಲ್ ವಿಳಾಸ ಬೇಕು. ಸೈಬರ್ ಅಂಗಡಿಯವರು ತಮ್ಮ ಇಮೇಲ್ ಹಾಕಿ ಅರ್ಜಿ ತುಂಬಿಕೊಟ್ಟರೆ ಸೀಟು ಹಂಚಿಕೆಯ ಸಂದೇಶ ಅವರ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಇದು ತಮಾಷೆಗೆ ಹೇಳಿದ ಮಾತಲ್ಲ.

## ಹಂತ 1: ಯಾವ ಪದವಿ ಎಂದು ಮೊದಲು ತೀರ್ಮಾನಿಸಿ

ಹೆಸರುಗಳು ಹತ್ತಿರಹತ್ತಿರ ಇರುವುದರಿಂದ ಗೊಂದಲ ಇಲ್ಲಿಂದಲೇ ಶುರು. ನಿಮ್ಮ ಮುಂದಿರುವುದು ಮುಖ್ಯವಾಗಿ ಮೂರು ದಾರಿ.

ಮೊದಲನೆಯದು ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್ ಅಥವಾ ಅದನ್ನು ಹೋಲುವ ಹೆಸರಿನ ಎಂ.ಟೆಕ್. ಐಐಟಿ ಮದ್ರಾಸ್, ಐಐಟಿ ದೆಹಲಿ, ಸುರತ್ಕಲ್‌ನ ಎನ್ಐಟಿಕೆ, ವಾರಂಗಲ್‌ನ ಎನ್ಐಟಿಗಳಲ್ಲಿ ಇದು ಸಿವಿಲ್ ವಿಭಾಗದ ಅಡಿಯಲ್ಲಿದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಕೆಲವು ಕಾಲೇಜುಗಳಲ್ಲಿ ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಎರಡನೆಯದು ನಿರ್ಮಾಣ ಕ್ಷೇತ್ರಕ್ಕೆಂದೇ ಇರುವ ಎಂಬಿಎ. 1983ರಲ್ಲಿ ಆರಂಭವಾದ, ಪುಣೆ ಮತ್ತು ಹೈದರಾಬಾದ್‌ನಲ್ಲಿರುವ ನಿಕ್ಮಾರ್ ಇದಕ್ಕೆ ಹೆಸರುವಾಸಿ. ಅದರ ಪ್ರವೇಶಕ್ಕೆ ಗೇಟ್ ಕಡ್ಡಾಯವಲ್ಲ, ಶುಲ್ಕ ಮಾತ್ರ ಭಾರ. ಮೂರನೆಯದು ಹೊರದೇಶದ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಅಥವಾ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಪದವಿ.

ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮುಂದೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಯೋಚನೆ ಇದೆಯೇ? ಇದ್ದರೆ ಎಂ.ಟೆಕ್ ಬಿಟ್ಟು ಬೇರೆ ದಾರಿ ಹಿಡಿಯಬೇಡಿ. ಸಿವಿಲ್ ವಿಭಾಗದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬಿ.ಇ. ಜೊತೆಗೆ ಅದೇ ಶಾಖೆಯ ಎಂ.ಟೆಕ್ ಕೇಳುತ್ತಾರೆ, ಎಂಬಿಎ ಅಲ್ಲಿ ಲೆಕ್ಕಕ್ಕಿಲ್ಲ. ಕಂಪನಿಯ ಯೋಜನಾ ವಿಭಾಗ, ಬಿಲ್ಲಿಂಗ್, ಟೆಂಡರ್, ಗುತ್ತಿಗೆ ನಿರ್ವಹಣೆಯ ಕಡೆಗೆ ಹೋಗುವವರಿಗೆ ಎರಡೂ ನಡೆಯುತ್ತವೆ.

ಎಚ್ಚರಿಕೆಯ ಸೂಚನೆಗಳು: ‘ಕೆಲಸ ಬಿಡಬೇಕಾಗಿಲ್ಲ, ಅಂಚೆ ಮೂಲಕ ಎಂ.ಟೆಕ್ ಮುಗಿಸಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಕೊಡುವುದನ್ನು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿಯೇ ತಡೆದಿದೆ. ತೋರಣಗಲ್ಲು, ಶಕ್ತಿನಗರದ ಕಡೆ ಸೈಟಿನಲ್ಲಿ ದುಡಿಯುವ ಹುಡುಗರು ಈ ಬಲೆಗೆ ಬೇಗ ಬೀಳುತ್ತಾರೆ. ಇನ್ನೊಂದು ಸೂಚನೆ: ಕಾಲೇಜಿನ ಜಾಲತಾಣದಲ್ಲಿ ಕೋರ್ಸಿನ ಹೆಸರಿದ್ದು ಬೋಧಕರ ಪಟ್ಟಿಯಲ್ಲಿ ಆ ವಿಷಯ ಓದಿದವರು ಒಬ್ಬರೂ ಇಲ್ಲದಿರುವುದು. ಸೀಟು ತುಂಬದೆ ಎಂ.ಟೆಕ್ ಕೋರ್ಸುಗಳು ನಿಂತುಹೋಗುವುದು ಅಪರೂಪವಲ್ಲ. ಹಿಂದಿನ ವರ್ಷ ಎಷ್ಟು ಮಂದಿ ಸೇರಿದ್ದರು ಎಂದು ವಿಭಾಗಕ್ಕೇ ಫೋನ್ ಮಾಡಿ ಕೇಳಿ.

## ಹಂತ 2: ವೇಳಾಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಬರೆಯಿರಿ

ತರಗತಿ ಶುರುವಾಗುವ ತಿಂಗಳನ್ನು ಹಾಳೆಯ ಬಲತುದಿಯಲ್ಲಿ ಬರೆದು ಎಡಕ್ಕೆ ಸರಿಯುತ್ತ ಬನ್ನಿ. ದೇಶದೊಳಗಿನ ಎಂ.ಟೆಕ್ ಆದರೆ ಸಾಮಾನ್ಯವಾಗಿ ಹೀಗೆ ಬರುತ್ತದೆ: ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ತರಗತಿ; ಮೇಯಿಂದ ಜುಲೈವರೆಗೆ ಸೀಟು ಹಂಚಿಕೆಯ ಸುತ್ತುಗಳು; ಮಾರ್ಚ್–ಏಪ್ರಿಲ್‌ನಲ್ಲಿ ಐಐಟಿಗಳ ಅರ್ಜಿ; ಮಾರ್ಚ್‌ನಲ್ಲಿ ಗೇಟ್ ಫಲಿತಾಂಶ; ಫೆಬ್ರುವರಿಯಲ್ಲಿ ಪರೀಕ್ಷೆ; ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ ಗೇಟ್ ನೋಂದಣಿ. ಅಂದರೆ ಮುಂದಿನ ಆಗಸ್ಟ್‌ನಲ್ಲಿ ತರಗತಿಯಲ್ಲಿ ಕೂರಬೇಕಾದರೆ ಈ ಆಗಸ್ಟ್‌ನಲ್ಲೇ ಕೆಲಸ ಶುರುವಾಗಬೇಕು. ಹೊರದೇಶಕ್ಕಾದರೆ ಡಿಸೆಂಬರ್–ಫೆಬ್ರುವರಿಯಲ್ಲೇ ಅರ್ಜಿಗಳು ಮುಗಿಯುವುದರಿಂದ ಪರೀಕ್ಷೆಗಳು ಅಕ್ಟೋಬರ್‌ಗೇ ಮುಗಿದಿರಬೇಕು.

ಈಗ ಪ್ರತಿ ಕೆಲಸದ ಪಕ್ಕದಲ್ಲಿ ‘ಇದು ನನ್ನ ಕೈಯಲ್ಲಿದೆ’ ಅಥವಾ ‘ಕಚೇರಿಯ ಕೈಯಲ್ಲಿದೆ’ ಎಂದು ಬರೆಯಿರಿ. ಓದುವುದು ನಿಮ್ಮ ಕೈಯಲ್ಲಿದೆ. ಪಾಸ್‌ಪೋರ್ಟ್, ವಿಟಿಯು ಟ್ರಾನ್ಸ್‌ಕ್ರಿಪ್ಟ್, ಉಪವಿಭಾಗಾಧಿಕಾರಿಗಳ ಸಹಿ, ಬ್ಯಾಂಕಿನ ಮಂಜೂರಾತಿ ನಿಮ್ಮ ಕೈಯಲ್ಲಿಲ್ಲ. ಕಚೇರಿಯ ಕೈಯಲ್ಲಿರುವುದನ್ನು ಮೊದಲು ಹಚ್ಚಿ. ಬಹಳ ಜನ ಮಾಡುವುದು ಇದರ ತಿರುವುಮುರುವು: ಪರೀಕ್ಷೆ ಮುಗಿಯಲಿ, ಕಾಗದ ಆಮೇಲೆ ನೋಡಿದರಾಯಿತು ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಕಾಗದಕ್ಕೆ ಓಡುವಾಗ ಕಚೇರಿಯಲ್ಲಿ ಅದೇ ಕೆಲಸಕ್ಕೆ ಬಂದ ಪಿಯು ಮಕ್ಕಳ ಪಾಲಕರ ಸಾಲು ಬಾಗಿಲವರೆಗೆ ಇರುತ್ತದೆ.

## ಹಂತ 3: ಪ್ರಮಾಣಪತ್ರಗಳು (ಹೆಚ್ಚು ಜನ ಬೀಳುವುದು ಇಲ್ಲೇ)

ಇದನ್ನು ಅವಸರವಿಲ್ಲದೆ ಓದಿ.

ರಾಜ್ಯದ ಪ್ರಮಾಣಪತ್ರ ಬೇರೆ, ಕೇಂದ್ರದ್ದು ಬೇರೆ. ನಾಡಕಚೇರಿಯಲ್ಲಿ ಕೊಡುವ ಪ್ರವರ್ಗ-1, 2ಎ, 3ಎ, 3ಬಿ ಪ್ರಮಾಣಪತ್ರ ನಡೆಯುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಹಂಚುವ ಸೀಟಿಗೆ. ಐಐಟಿ, ಎನ್ಐಟಿಗಳು ಕೇಳುವುದು ಕೇಂದ್ರ ನಮೂನೆಯ ಒಬಿಸಿ ಕೆನೆಪದರ ರಹಿತ ಪ್ರಮಾಣಪತ್ರವನ್ನು. ಅಷ್ಟೇ ಅಲ್ಲ, ರಾಜ್ಯದ ಹಿಂದುಳಿದ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಮೊದಲು ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು, ಅದೇ ಕಾಗುಣಿತದಲ್ಲಿ, ಇದೆಯೇ ನೋಡಿ. ಇಲ್ಲದಿದ್ದರೆ ಗೇಟ್ ಅರ್ಜಿಯಲ್ಲಿ ಒಬಿಸಿ ಎಂದು ಹಾಕುವುದು ಕೈಯಾರೆ ತಂದುಕೊಳ್ಳುವ ತೊಂದರೆ. ಅಂಥವರಿಗೆ ಆದಾಯ ಮತ್ತು ಆಸ್ತಿಯ ಮಿತಿಯೊಳಗಿದ್ದರೆ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ದಾರಿ ತೆರೆದಿರಬಹುದು.

ದಿನಾಂಕ ನೋಡಿ. ಗೇಟ್ ಅರ್ಜಿಗೆಂದು ಸೆಪ್ಟೆಂಬರ್‌ನಲ್ಲಿ ಮಾಡಿಸಿದ ಒಬಿಸಿ, ಇಡಬ್ಲ್ಯುಎಸ್ ಪ್ರಮಾಣಪತ್ರಗಳನ್ನು ಮುಂದಿನ ಜೂನ್‌ನ ಪರಿಶೀಲನೆಯಲ್ಲಿ ಹಳೆಯದೆಂದು ಬದಿಗಿಡುತ್ತಾರೆ, ಏಕೆಂದರೆ ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ ಶುರುವಾಗಿರುತ್ತದೆ. ಏಪ್ರಿಲ್ ಮೊದಲ ವಾರದಲ್ಲೇ ಹೊಸದಕ್ಕೆ ಅರ್ಜಿ ಹಾಕಿ. ಎಸ್‌ಸಿ, ಎಸ್‌ಟಿ ಪ್ರಮಾಣಪತ್ರಕ್ಕೆ ಈ ವಾರ್ಷಿಕ ತಲೆನೋವು ಇಲ್ಲ, ಆದರೆ ಕೇಂದ್ರ ನಮೂನೆಯಲ್ಲಿ, ಇಂಗ್ಲಿಷಿನಲ್ಲಿ ಇರಲಿ. ಕೆಇಎ ಅರ್ಜಿಯಲ್ಲಿ ಪ್ರಮಾಣಪತ್ರದ ಮೇಲೆ ಮುದ್ರಿತವಾದ ಆರ್.ಡಿ. ಸಂಖ್ಯೆ ಹಾಕಬೇಕಾಗುತ್ತದೆ, ಒಂದು ಅಂಕಿ ತಪ್ಪಿದರೂ ಮೀಸಲಾತಿ ಹೋಗಿ ಸಾಮಾನ್ಯ ವರ್ಗಕ್ಕೆ ಬರುತ್ತೀರಿ.

371ಜೆ ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ. ಕಲ್ಯಾಣ ಕರ್ನಾಟಕದ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಇದ್ದವರಿಗೆ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟುಗಳ ಮೀಸಲಾತಿ ಇದೆ. ಇದು ಕೆಇಎ ಮೂಲಕ ಹಂಚುವ ಸೀಟುಗಳ ಮಾತು. ಸುರತ್ಕಲ್ ಕರ್ನಾಟಕದಲ್ಲೇ ಇದ್ದರೂ ಎನ್ಐಟಿಕೆ ಕೇಂದ್ರದ ಸಂಸ್ಥೆ. ಅಲ್ಲಿ 371ಜೆ ನಡೆಯುವುದಿಲ್ಲ. ಬಿ.ಟೆಕ್‌ನಲ್ಲಿದ್ದ ತವರು ರಾಜ್ಯದ ಕೋಟಾ ಕೂಡ ಎಂ.ಟೆಕ್ ಹಂಚಿಕೆಯಲ್ಲಿ ಇಲ್ಲ.

371ಜೆ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರಲ್ಲ, ಸಹಾಯಕ ಆಯುಕ್ತರು (ಉಪವಿಭಾಗಾಧಿಕಾರಿಗಳು). ರಾಯಚೂರು ಜಿಲ್ಲೆಯಲ್ಲಿ ರಾಯಚೂರು ಮತ್ತು ಲಿಂಗಸುಗೂರು ಎಂದು ಎರಡು ಉಪವಿಭಾಗಗಳಿವೆ. ನಿಮ್ಮ ತಾಲ್ಲೂಕು ಯಾವುದರ ಕೆಳಗೆ ಬರುತ್ತದೆ ಎಂದು ತಿಳಿದುಕೊಂಡೇ ಬಸ್ ಹತ್ತಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯವರಿಗೂ ಈ ಸೌಲಭ್ಯ ಇದೆ, ಆದರೆ ಹಳೆಯ ದಾಖಲೆಯಲ್ಲಿ ಬಳ್ಳಾರಿ ಜಿಲ್ಲೆ ಎಂದಿರುತ್ತದೆ. ಪರಿಶೀಲನೆಯವರು ಕೇಳಿದರೆ ತೋರಿಸಲು ಶಾಲಾ ವ್ಯಾಸಂಗ ಪ್ರಮಾಣಪತ್ರಗಳನ್ನು ಜೊತೆಗಿಟ್ಟುಕೊಳ್ಳಿ.

ಅನುಭವ ಪತ್ರ. ಉಪಗುತ್ತಿಗೆದಾರರ ಕೈಕೆಳಗೆ ಸೈಟ್ ಎಂಜಿನಿಯರ್ ಆಗಿರುವ ಬಹಳ ಮಂದಿಗೆ ನೇಮಕಾತಿ ಪತ್ರವೇ ಇರುವುದಿಲ್ಲ, ಸಂಬಳ ನಗದಿನಲ್ಲಿ ಬರುತ್ತದೆ. ಮೊದಲ ತಿಂಗಳಿನಿಂದಲೇ ಸಂಬಳ ಬ್ಯಾಂಕಿಗೆ ಹಾಕಿ ಎಂದು ಕೇಳಿ. ಪಿಎಫ್ ಇದ್ದರೆ ಯುಎಎನ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೆಲಸ ಬಿಡುವ ದಿನವೇ ಪತ್ರ ಪಡೆಯಿರಿ. ಯಾವ ಕಾಮಗಾರಿ, ಯಾವ ಅವಧಿ, ನಿಮ್ಮ ಹೊಣೆ ಏನು ಎಂಬ ಮೂರೂ ಅದರಲ್ಲಿರಬೇಕು. ‘ಇವರು ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದ್ದಾರೆ’ ಎಂಬ ಒಂದು ಸಾಲಿನ ಪತ್ರಕ್ಕೆ ಎಲ್ಲಿಯೂ ತೂಕವಿಲ್ಲ.

ಸಿಜಿಪಿಎಯನ್ನು ಶೇಕಡಾವಾರಿಗೆ ಬದಲಿಸುವಾಗ ನಿಮ್ಮ ಸ್ಕೀಮಿಗೆ ವಿಶ್ವವಿದ್ಯಾಲಯ ಕೊಟ್ಟ ಸೂತ್ರವನ್ನೇ ಬಳಸಿ. ಸುಮ್ಮನೆ ಹತ್ತರಿಂದ ಗುಣಿಸಿ ಹಾಕಿದವರ ಅರ್ಜಿ ಪರಿಶೀಲನೆಯಲ್ಲಿ ಸಿಕ್ಕಿಬಿದ್ದಿದೆ.

## ಹಂತ 4: ಪರೀಕ್ಷೆ

ಗೇಟ್ ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಬಿ.ಇ. ಮೂರನೇ ವರ್ಷದಲ್ಲಿರುವವರೂ ಬರೆಯಬಹುದು, ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಆದ್ದರಿಂದ ಅಂತಿಮ ವರ್ಷಕ್ಕೆ ಕಾಯದೆ ಒಮ್ಮೆ ಬರೆದು ನೋಡಿ.

ಓದಿನ ಕ್ರಮದ ಬಗ್ಗೆ ನನ್ನದೊಂದು ಹಟವಿದೆ. ನಮ್ಮ ಕಡೆಯವರು ಸ್ಟ್ರಕ್ಚರ್ಸ್‌ನಿಂದ ಶುರು ಮಾಡಿ ಡಿಸೆಂಬರ್‌ವರೆಗೆ ಅಲ್ಲೇ ಉಳಿಯುತ್ತಾರೆ. ಸಾಮಾನ್ಯ ಸಾಮರ್ಥ್ಯಕ್ಕೆ 15 ಅಂಕ, ಗಣಿತಕ್ಕೆ ಸುಮಾರು 13 ಅಂಕ ಇರುವುದನ್ನು ಮರೆಯುತ್ತಾರೆ. ಈ 28 ಅಂಕಗಳನ್ನು ಮೊದಲ ಎರಡು ತಿಂಗಳಲ್ಲೇ ಭದ್ರ ಮಾಡಿಕೊಳ್ಳಿ. ನಂತರ ಮಣ್ಣು, ನೀರು, ಪರಿಸರ, ಸ್ಟ್ರಕ್ಚರ್ಸ್ ಆಮೇಲೆ. ನಿರ್ಮಾಣ ಸಾಮಗ್ರಿ ಮತ್ತು ನಿರ್ವಹಣೆಯ ಭಾಗ ಪಠ್ಯಕ್ರಮದಲ್ಲಿ ಚಿಕ್ಕದು, ಆದರೆ ಕಾಮಗಾರಿಯ ವೇಳಾಪಟ್ಟಿ ಹಾಕುವ ಪರ್ಟ್, ಸಿಪಿಎಂ ಲೆಕ್ಕಗಳು ಅಲ್ಲಿಯೇ ಬರುತ್ತವೆ. ನೀವು ಮುಂದೆ ಓದಬೇಕೆಂದಿರುವ ವಿಷಯವೇ ಅದು. ಅದರಲ್ಲಿ ಅಂಕ ಬಿಡುವುದು ನಾಚಿಕೆಗೇಡು.

ಬಹುಆಯ್ಕೆಯ ಪ್ರಶ್ನೆ ತಪ್ಪಾದರೆ ಒಂದು ಅಂಕದ ಪ್ರಶ್ನೆಗೆ ಮೂರನೇ ಒಂದು, ಎರಡು ಅಂಕದ್ದಕ್ಕೆ ಮೂರನೇ ಎರಡು ಅಂಕ ಕಡಿತ. ಉತ್ತರವನ್ನು ಸಂಖ್ಯೆಯಾಗಿ ತುಂಬುವ ಪ್ರಶ್ನೆಗೂ, ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗೂ ಕಡಿತವಿಲ್ಲ. ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಪರದೆಯ ಮೇಲಿನದನ್ನು ಮೌಸ್‌ನಿಂದ ಒತ್ತಬೇಕು. ಮನೆಯಲ್ಲಿ ಕೈಯಲ್ಲಿನ ಕ್ಯಾಲ್ಕುಲೇಟರಿನಲ್ಲಿ ಅಭ್ಯಾಸ ಮಾಡಿ ಹೋದವರಿಗೆ ಅಲ್ಲಿ ಸಮಯ ಸಾಲುವುದಿಲ್ಲ. ಕೋಚಿಂಗಿಗೆಂದು ಹೈದರಾಬಾದಿಗೋ ಬೆಂಗಳೂರಿಗೋ ಹೋಗಲೇಬೇಕೆಂದಿಲ್ಲ. ಐಐಟಿಗಳ ಆನ್‌ಲೈನ್ ಪಾಠಮಾಲೆ ಎನ್‌ಪಿಟಿಇಎಲ್‌ನ ಪಾಠಗಳು ಉಚಿತ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದಕ್ಕೆ ಬದಲಿ ಇಲ್ಲ.

ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಯನ್ನು ಕೆಇಎ ನಡೆಸುತ್ತದೆ. 100 ಅಂಕ, ತಪ್ಪುತ್ತರಕ್ಕೆ ಕಡಿತವಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಬಿ.ಇ.ಯಲ್ಲಿ ಶೇ 50, ಎಸ್‌ಸಿ, ಎಸ್‌ಟಿ, ಪ್ರವರ್ಗ-1ಕ್ಕೆ ಶೇ 45 ಅಂಕ ಬೇಕು. ಗೇಟ್ ಇದ್ದವರಿಗೆ ಸೀಟು ಹಂಚಿಕೆಯಲ್ಲಿ ಆದ್ಯತೆ ಇದೆ, ಆದರೆ ಗೇಟ್ ಅಂಕ ಇದೆಯೆಂದು ಕೆಇಎಗೆ ಅರ್ಜಿಯನ್ನೇ ಹಾಕದೆ ಕುಳಿತರೆ ಆದ್ಯತೆ ತಾನಾಗಿ ಮನೆಗೆ ಬರುವುದಿಲ್ಲ.

ಅಂತಿಮ ವರ್ಷದಲ್ಲಿ ಓದುತ್ತಿರುವ ಸಿವಿಲ್ ವಿದ್ಯಾರ್ಥಿಗಳಿಗೆ ಎಲ್ ಅಂಡ್ ಟಿ ಕಂಪನಿಯ ಬಿಲ್ಡ್ ಇಂಡಿಯಾ ವಿದ್ಯಾರ್ಥಿವೇತನ ಎಂಬ ಇನ್ನೊಂದು ಬಾಗಿಲಿದೆ. ಕಂಪನಿಯೇ ಪರೀಕ್ಷೆ ಮತ್ತು ಸಂದರ್ಶನ ನಡೆಸಿ ಇದೇ ವಿಷಯದ ಎಂ.ಟೆಕ್‌ಗೆ ಕಳುಹಿಸುತ್ತದೆ, ಗೇಟ್ ಕೇಳುವುದಿಲ್ಲ. ಓದಿನ ಬಳಿಕ ನಿಗದಿತ ಅವಧಿ ಅಲ್ಲೇ ದುಡಿಯುವ ಕರಾರು ಇರುತ್ತದೆ. ಸಹಿ ಹಾಕುವ ಮೊದಲು ಕರಾರನ್ನು ಅಪ್ಪ ಅಮ್ಮನ ಜೊತೆ ಕುಳಿತು ಓದಿ. ಪದವಿ ಮುಗಿದ ಮೇಲೆ ಈ ಬಾಗಿಲು ಮುಚ್ಚುತ್ತದೆ.

## ಹಂತ 5: ಅರ್ಜಿ ಮತ್ತು ಸೀಟು ಹಂಚಿಕೆ

ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದಕ್ಕೆ ಹಾಕಿದರೆ ಇನ್ನೊಂದಕ್ಕೆ ಹಾಕಿದಂತಲ್ಲ.

1. ಐಐಟಿಗಳು. ಪ್ರತಿ ಐಐಟಿಗೂ ಪ್ರತ್ಯೇಕ ಅರ್ಜಿ ಹಾಕಬೇಕು, ಜೊತೆಗೆ ಸಿಒಎಪಿ ಎಂಬ ಸಾಮಾನ್ಯ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಸಿಒಎಪಿಯಲ್ಲಿ ಮಾತ್ರ ನೋಂದಾಯಿಸಿ ಕಾಯುತ್ತ ಕುಳಿತವರಿಗೆ ಒಂದು ಆಹ್ವಾನವೂ ಬರುವುದಿಲ್ಲ, ಏಕೆಂದರೆ ಅದು ಅರ್ಜಿ ಹಾಕುವ ಜಾಗವಲ್ಲ, ಬಂದ ಸೀಟನ್ನು ಒಪ್ಪುವ ಜಾಗ. ಅಲ್ಲಿ ‘ಅಕ್ಸೆಪ್ಟ್ ಅಂಡ್ ಫ್ರೀಜ್’ ಒತ್ತಿದರೆ ಮುಂದಿನ ಸುತ್ತುಗಳು ನಿಮಗಿಲ್ಲ. ‘ರಿಟೇನ್ ಅಂಡ್ ವೇಟ್’ ಎಂದರೆ ಸೀಟು ಕೈಯಲ್ಲಿಟ್ಟುಕೊಂಡು ಕಾಯುವುದು. ‘ರಿಜೆಕ್ಟ್ ಅಂಡ್ ವೇಟ್’ ಎಂದರೆ ಬಿಟ್ಟು ಕಾಯುವುದು. ಬಿಟ್ಟ ಸೀಟು ಮತ್ತೆ ಬರುವುದಿಲ್ಲ.

2. ಎನ್ಐಟಿಗಳು. ಸಿಸಿಎಂಟಿ ಎಂಬ ಕೇಂದ್ರೀಕೃತ ಹಂಚಿಕೆಯ ಮೂಲಕ ಒಂದೇ ಅರ್ಜಿ. ಆಯ್ಕೆಪಟ್ಟಿ ಉದ್ದವಾಗಿದ್ದಷ್ಟೂ ಒಳ್ಳೆಯದು, ಆದರೆ ಸಿಕ್ಕರೆ ಹೋಗಲಾರೆ ಎನಿಸುವುದನ್ನು ಹಾಕಬೇಡಿ. ಸೀಟು ಬಂದ ಮೇಲೆ ಫ್ರೀಜ್ ಎಂದರೆ ಇದೇ ಸಾಕು. ಸ್ಲೈಡ್ ಎಂದರೆ ಇದೇ ಸಂಸ್ಥೆಯಲ್ಲಿ ಮೇಲಿನ ಆಯ್ಕೆ ಸಿಕ್ಕರೆ ಒಪ್ಪುತ್ತೇನೆ. ಫ್ಲೋಟ್ ಎಂದರೆ ಬೇರೆ ಸಂಸ್ಥೆಯಾದರೂ ಸರಿ. ಗಡುವಿನೊಳಗೆ ಸೀಟು ಸ್ವೀಕಾರ ಶುಲ್ಕ ಕಟ್ಟದಿದ್ದರೆ ಸೀಟು ರದ್ದು. ಪ್ರತಿ ವರ್ಷ ಯಾರೋ ಒಬ್ಬರು ‘ಅಪ್ಪ ಊರಲ್ಲಿ ಇರಲಿಲ್ಲ, ಹಣ ಹಾಕುವುದು ಒಂದು ದಿನ ತಡವಾಯಿತು’ ಎನ್ನುತ್ತಾರೆ. ಆ ಹಣ ಮೇ ತಿಂಗಳಿನಿಂದಲೇ ನಿಮ್ಮ ಖಾತೆಯಲ್ಲಿರಲಿ, ಆನ್‌ಲೈನ್ ಪಾವತಿಯ ದಿನದ ಮಿತಿ ಎಷ್ಟಿದೆ ಎಂದೂ ನೋಡಿಕೊಳ್ಳಿ.

3. ಕೆಇಎ. ದಾಖಲೆ ಪರಿಶೀಲನೆಯ ದಿನಾಂಕ ತಪ್ಪಿಸಿಕೊಂಡವರಿಗೆ ಆಯ್ಕೆ ನಮೂದಿಸಲು ಅವಕಾಶ ಇರುವುದಿಲ್ಲ. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬಹಳ ಅಲುಗಾಡುವುದರಿಂದ ಕಳೆದ ವರ್ಷದ ಕ್ಯಾಲೆಂಡರ್ ನಂಬಬೇಡಿ.

ಎಚ್ಚರಿಕೆಯ ಸೂಚನೆ: ಅರ್ಜಿ ಹಾಕಿದ ಎರಡು ವಾರಕ್ಕೂ ಇಮೇಲ್ ಬಾರದಿದ್ದರೆ ಏನೋ ತಪ್ಪಿದೆ. ಶುಲ್ಕ ಕಡಿತವಾಗಿಯೂ ಅರ್ಜಿ ಪೂರ್ಣವಾಗದೆ ಉಳಿದಿರುವ ಸಂಭವ ಹೆಚ್ಚು. ಲಾಗಿನ್ ಆಗಿ ಅರ್ಜಿಯ ಸ್ಥಿತಿ ನೋಡಿ, ಪಿಡಿಎಫ್ ಇಳಿಸಿಟ್ಟುಕೊಳ್ಳಿ.

## ಹಂತ 6: ಉದ್ದೇಶ ಪತ್ರ ಮತ್ತು ಸಂದರ್ಶನ

ಸಂಶೋಧನಾ ಪದವಿಗೆ, ಎಂಬಿಎಗೆ, ಹೊರದೇಶದ ಅರ್ಜಿಗೆ ಇವು ಬೇಕು. ನಮ್ಮವರು ಬರೆಯುವ ಉದ್ದೇಶ ಪತ್ರಗಳಲ್ಲಿ ಹತ್ತರಲ್ಲಿ ಎಂಟು ಹೀಗೆ ಶುರುವಾಗುತ್ತವೆ: ‘ಚಿಕ್ಕಂದಿನಿಂದ ನನಗೆ ಕಟ್ಟಡಗಳೆಂದರೆ ಆಸಕ್ತಿ. ಸಿವಿಲ್ ಎಂಜಿನಿಯರಿಂಗ್ ದೇಶದ ಬೆನ್ನೆಲುಬು.’ ಓದುವವರು ಎರಡನೇ ಸಾಲಿಗೇ ಕೈಬಿಡುತ್ತಾರೆ.

ಇದರ ಬದಲು ನೀವು ಕಣ್ಣಾರೆ ಕಂಡ ಒಂದು ತಡ, ಒಂದು ನಷ್ಟ, ಒಂದು ತಕರಾರಿನಿಂದ ಆರಂಭಿಸಿ. ಉದಾಹರಣೆಗೆ: ‘ಕಾಲುವೆ ಲೈನಿಂಗ್ ಕಾಮಗಾರಿಯಲ್ಲಿ ಎಂ.ಬಿ. ಪುಸ್ತಕಕ್ಕೆ ಅಳತೆ ಏರಿಸುವುದು ತಡವಾಗಿ ಬಿಲ್ಲು ನಿಂತಿತು. ಬಿಲ್ಲು ನಿಂತದ್ದರಿಂದ ಮೇಸ್ತ್ರಿ ಆಳುಗಳನ್ನು ಬೇರೆ ಸೈಟಿಗೆ ಕರೆದೊಯ್ದ. ಅಷ್ಟರಲ್ಲಿ ಕಾಲುವೆಗೆ ನೀರು ಬಿಡುವ ದಿನ ಬಂತು.’ ಮೂರು ವಾಕ್ಯದಲ್ಲಿ ಹಣ, ಆಳು, ಸಮಯ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ಬಂತು. ಅದನ್ನು ಬಿಡಿಸುವ ವಿದ್ಯೆ ನನಗೆ ಗೊತ್ತಿಲ್ಲ, ಅದಕ್ಕಾಗಿ ಬರುತ್ತಿದ್ದೇನೆ ಎಂದರೆ ಸಾಕು. ಇದನ್ನು ಇಂಗ್ಲಿಷಿನಲ್ಲಿ ಇಷ್ಟೇ ಸರಳವಾಗಿ ಬರೆಯಿರಿ.

ಸಂದರ್ಶನದಲ್ಲಿ ಕೇಳುವುದೂ ಇಂಥದ್ದನ್ನೇ. ತುಂಗಭದ್ರಾ ಎಡದಂಡೆ ಕಾಲುವೆಯಂಥ ಕಡೆ ಲೈನಿಂಗ್ ಕೆಲಸ ನಡೆಯುವುದು ನೀರು ನಿಲ್ಲಿಸಿದಾಗ ಮಾತ್ರ. ನೀರು ನಿಲ್ಲುವುದು 45 ದಿನ ಎಂದಿಟ್ಟುಕೊಳ್ಳಿ. ಒಂದು ಭಾಗದಲ್ಲಿ ಹೂಳು ತೆಗೆಯಲು 6 ದಿನ, ಇಳಿಜಾರು ಸಮ ಮಾಡಲು 5 ದಿನ, ಕಾಂಕ್ರೀಟಿಗೆ 8 ದಿನ, ಕ್ಯೂರಿಂಗಿಗೆ 14 ದಿನ. ಕೂಡಿಸಿದರೆ 33. ‘ಸರ್, 12 ದಿನ ಉಳಿಯುತ್ತದೆ’ ಎಂದು ಅಭ್ಯರ್ಥಿ ನಗುತ್ತಾನೆ. ಕಾಂಕ್ರೀಟ್ ಮಿಕ್ಸ್ ಡಿಸೈನಿಗೆ (ಸಿಮೆಂಟ್, ಮರಳು, ಜಲ್ಲಿ, ನೀರಿನ ಪ್ರಮಾಣಕ್ಕೆ) ಒಪ್ಪಿಗೆ ಸಿಕ್ಕಿದೆಯೇ ಎಂದು ಕೇಳಿದಾಗ ಆ ನಗು ಮಾಯ. ಆ ಮಿಶ್ರಣದಿಂದ ಎರೆದ ಟ್ರಯಲ್ ಕ್ಯೂಬುಗಳ 28 ದಿನದ ಬಲಪರೀಕ್ಷೆಯ ಫಲಿತಾಂಶ ಬಂದ ಮೇಲಷ್ಟೇ ಒಪ್ಪಿಗೆ. ನೀರು ನಿಂತ ದಿನ ಕ್ಯೂಬು ಎರೆದರೆ 28, 8, 14 ಸೇರಿ 50 ದಿನ. ಕೆಲಸ ನೀರಿನಲ್ಲಿ ಮುಳುಗುತ್ತದೆ. ಹೂಳು ತೆಗೆಯುವ ಮತ್ತು ಸಮ ಮಾಡುವ 11 ದಿನದ ಕೆಲಸಕ್ಕೆ ಈ 28ರಲ್ಲಿ 17 ದಿನ ಬಿಡುವಿದೆ, ಪ್ರಯೋಗಾಲಯದ ಕೆಲಸಕ್ಕೆ ಒಂದು ದಿನವೂ ಇಲ್ಲ. ಸಂಕಟದ ದಾರಿ (ಕ್ರಿಟಿಕಲ್ ಪಾತ್) ಜೆಸಿಬಿ ಓಡುವ ಕಡೆ ಇಲ್ಲ, ನೀರಿನ ತೊಟ್ಟಿಯಲ್ಲಿ ಮುಳುಗಿ ಕುಳಿತ ಆರು ಇಂಚಿನ ಕ್ಯೂಬುಗಳಲ್ಲಿ ಇದೆ. ಪರಿಹಾರವೂ ಸರಳ: ನೀರು ನಿಲ್ಲುವುದಕ್ಕೆ ಒಂದು ತಿಂಗಳು ಮೊದಲೇ ಕ್ಯೂಬು ಎರೆಯುವುದು. ಇಷ್ಟನ್ನು ಕಾಗದದ ಮೇಲೆ ಬಾಣ ಎಳೆದು ತೋರಿಸಿದವನಿಗೆ ಪುಸ್ತಕದ ವ್ಯಾಖ್ಯೆ ಯಾರೂ ಕೇಳುವುದಿಲ್ಲ.

ಸಾಮಾನ್ಯ ತಪ್ಪುಗಳು: ಪ್ರೈಮವೇರಾ (ವೇಳಾಪಟ್ಟಿ ಹಾಕುವ ತಂತ್ರಾಂಶ) ಗೊತ್ತು ಎಂದು ಬರೆದು ತೆರೆದೇ ನೋಡದಿರುವುದು, ಸರ್ಕಾರಿ ಟೆಂಡರ್‌ಗಳ ಕೆಟಿಪಿಪಿ ಕಾಯ್ದೆ ಎಂದು ಹೆಸರು ಹೇಳಿ, ಟೆಂಡರ್‌ನಲ್ಲಿ ಮುಂಗಡ ಠೇವಣಿ ಏಕೆ ಎಂದರೆ ತಡವರಿಸುವುದು, ಬಿ.ಇ. ಪ್ರಾಜೆಕ್ಟನ್ನು ಗೆಳೆಯರು ಮಾಡಿದ್ದು ಎಂಬುದು ಮೂರನೇ ಪ್ರಶ್ನೆಗೆ ಬಯಲಾಗುವುದು. ಶಿಫಾರಸು ಪತ್ರವನ್ನು ಪ್ರಾಂಶುಪಾಲರಿಂದಲೇ ಪಡೆಯಬೇಕೆಂಬ ಭ್ರಮೆಯೂ ಬೇಡ. ನಿಮ್ಮನ್ನು ಬಲ್ಲ ಉಪನ್ಯಾಸಕರು, ಸೈಟಿನ ಹಿರಿಯ ಎಂಜಿನಿಯರ್ ಬರೆದ ಪತ್ರಕ್ಕೆ ಹೆಚ್ಚು ಬೆಲೆ.

## ಹಂತ 7: ಹಣ

ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆಯ ಸಂಸ್ಥೆಯಲ್ಲಿ ಪೂರ್ಣಾವಧಿ ಎಂ.ಟೆಕ್ ಸೇರಿದ ಗೇಟ್ ಅರ್ಹರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಇದೆ. ಪಿಜಿಸಿಇಟಿ ಮೂಲಕ ಸೇರಿದವರ ಬಳಿ ಚಾಲ್ತಿಯಲ್ಲಿರುವ ಗೇಟ್ ಅಂಕ ಇಲ್ಲದಿದ್ದರೆ ಇದು ಸಿಗುವುದಿಲ್ಲ. ಆಧಾರ್ ಜೋಡಿಸಿದ ನಿಮ್ಮ ಒಬ್ಬರದೇ ಹೆಸರಿನ ಖಾತೆ ಬೇಕು. ಈ ಹಣ ಪಡೆಯುತ್ತ ಇನ್ನೊಂದು ಕಡೆ ಸಂಬಳಕ್ಕೆ ದುಡಿಯುವುದು ನಿಯಮಕ್ಕೆ ವಿರುದ್ಧ; ಮೊದಲ ಕಂತುಗಳು ತಡವಾಗಿ ಬರುವುದು ಮಾಮೂಲು, ಆದ್ದರಿಂದ ಆರಂಭದ ತಿಂಗಳುಗಳ ಖರ್ಚನ್ನು ಬೇರೆ ಇಟ್ಟುಕೊಳ್ಳಿ.

ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಕೇಳುವುದಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ದೇಶೀ ಸಂಸ್ಥೆಗಳಿಗೆ ಅಡಮಾನವಿಲ್ಲದ ಸಾಲವಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ. ಹೊರದೇಶದ ಓದಿಗೆ ಇದು ಅನ್ವಯಿಸುವುದಿಲ್ಲ.

ಹೊರದೇಶದ ಸಾಲಕ್ಕೆ ಹೋದಾಗ ನಮ್ಮ ರೈತ ಕುಟುಂಬಗಳು ಒಂದು ಗೋಡೆಗೆ ಡಿಕ್ಕಿ ಹೊಡೆಯುತ್ತವೆ. ಗಂಗಾವತಿಯಲ್ಲಿ ಹತ್ತು ಎಕರೆ ಗದ್ದೆ ಇದೆ, ಬ್ಯಾಂಕ್ ಕೊಡುತ್ತದೆ ಎಂದುಕೊಂಡಿರುತ್ತಾರೆ. ಸಾಲ ವಸೂಲಾತಿಯ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದ ಕಾರಣ ಬ್ಯಾಂಕುಗಳು ಗದ್ದೆಯನ್ನು ಅಡಮಾನವಾಗಿ ಒಪ್ಪಲು ಹಿಂಜರಿಯುತ್ತವೆ. ಬೇಕಾಗುವುದು ಊರೊಳಗಿನ ಮನೆ ಅಥವಾ ಪರಿವರ್ತನೆಯಾದ ನಿವೇಶನ. ಅದರ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಖಾತೆ ಬದಲಾವಣೆ, ಇ-ಖಾತೆ, ಋಣಭಾರ ಪ್ರಮಾಣಪತ್ರ, ಚಿಕ್ಕಪ್ಪ ದೊಡ್ಡಪ್ಪಂದಿರ ಒಪ್ಪಿಗೆ ಎಲ್ಲ ಆಗಬೇಕು. ಇದಕ್ಕೆ ಬೇಕಾಗುವುದು ತಿಂಗಳುಗಳು, ವಾರಗಳಲ್ಲ. ಹೊರದೇಶದ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಪುಸ್ತಕ ಕೊಳ್ಳುವ ಮೊದಲು ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿ.

## ಹಂತ 8: ಹೊರದೇಶಕ್ಕೆ ಹೋಗುವವರು

ಜಿಆರ್‌ಇ ಅಂಕ ಐದು ವರ್ಷ, ಐಇಎಲ್‌ಟಿಎಸ್ ಮತ್ತು ಟೋಫೆಲ್ ಎರಡು ವರ್ಷ ನಡೆಯುತ್ತವೆ. ಆದ್ದರಿಂದ ಜಿಆರ್‌ಇ ಮೊದಲು, ಇಂಗ್ಲಿಷ್ ಪರೀಕ್ಷೆ ಆಮೇಲೆ. ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ನೋಂದಣಿಯಲ್ಲಿ ಅಕ್ಷರ ತಪ್ಪದೆ ಹಾಕಿ.

ಅಮೆರಿಕಕ್ಕೆ ಹೋಗುವವರು ಕೋರ್ಸಿನ ಹೆಸರಿನ ಜೊತೆಗೆ ಅದರ ಸಿಐಪಿ ಕೋಡ್ (ಕೋರ್ಸನ್ನು ವರ್ಗೀಕರಿಸುವ ಅಲ್ಲಿನ ಸಂಖ್ಯೆ) ಕೇಳಿ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ಕೋಡ್ ಆದರೆ ಓದಿನ ಬಳಿಕ 12 ತಿಂಗಳ ಕೆಲಸದ ಅನುಮತಿಗೆ ಇನ್ನೂ 24 ತಿಂಗಳು ಸೇರುತ್ತದೆ. ಇಲ್ಲದಿದ್ದರೆ 12ಕ್ಕೇ ಮುಗಿಯಿತು. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂಬ ಒಂದೇ ಹೆಸರಿನ ಕೋರ್ಸು ಎರಡು ವಿಶ್ವವಿದ್ಯಾಲಯಗಳಲ್ಲಿ ಎರಡು ಬೇರೆ ಕೋಡ್‌ಗಳಲ್ಲಿ ಇರಬಹುದು. ಸಾಲ ತೀರಿಸುವ ಲೆಕ್ಕವೆಲ್ಲ ಇದರ ಮೇಲೆ ನಿಂತಿರುವುದರಿಂದ ವಿಭಾಗಕ್ಕೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಜರ್ಮನಿಗಾದರೆ 2022ರ ನವೆಂಬರ್‌ನಿಂದ ಅಂಕಪಟ್ಟಿ, ಪದವಿಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಅದಿಲ್ಲದೆ ವಿದ್ಯಾರ್ಥಿ ವೀಸಾ ಅರ್ಜಿ ಮುಂದೆ ಹೋಗದು.

ಏಜೆಂಟರ ಬಗ್ಗೆ: ‘ಸೀಟು ಖಚಿತ’ ಎನ್ನುವವರು, ನಿಮ್ಮ ಅರ್ಜಿಯ ಪಾಸ್‌ವರ್ಡ್ ತಮ್ಮ ಬಳಿಯೇ ಇರಲಿ ಎನ್ನುವವರು, ಇಲ್ಲದ ಅನುಭವ ಪತ್ರ ಮಾಡಿಸಿಕೊಡುತ್ತೇವೆ ಎನ್ನುವವರು, ಈ ಮೂವರಲ್ಲಿ ಯಾರ ಕಚೇರಿಯಲ್ಲೂ ಎರಡನೇ ಸಲ ಕೂರಬೇಡಿ. ಸುಳ್ಳು ಪತ್ರ ಸಿಕ್ಕಿಬಿದ್ದರೆ ಮುಂದಿನ ವೀಸಾಗಳೂ ಹೋಗುತ್ತವೆ, ಏಜೆಂಟರಿಗೆ ಏನೂ ಆಗುವುದಿಲ್ಲ.

## ಹಂತ 9: ಸೇರಿದ ಮೇಲೆ, ಪ್ರಬಂಧದ ವಿಷಯ

ಎರಡನೇ ವರ್ಷದ ಪ್ರಬಂಧದಲ್ಲಿ ಅರ್ಧ ಜನ ಸಿಕ್ಕಿಕೊಳ್ಳುವುದು ಮಾಹಿತಿ ಇಲ್ಲದ ವಿಷಯ ಆರಿಸಿಕೊಂಡು. ನಮ್ಮ ಕಡೆ ವಿಷಯಕ್ಕೆ ಬರವಿಲ್ಲ. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬ್‌ನಗರ ರೈಲು ಮಾರ್ಗ ಸಿಂಧನೂರು ತಲುಪಿದ್ದು 2024ರಲ್ಲಿ. ಭೂಸ್ವಾಧೀನ, ಅನುದಾನ, ಗುತ್ತಿಗೆಗಳಲ್ಲಿ ಯಾವುದು ಎಷ್ಟು ತಡ ಮಾಡಿತು ಎಂದು ಬಿಡಿಸುವುದೇ ಒಂದು ಪ್ರಬಂಧ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಹರಿಯುವ ನೀರಿನ ನಡುವೆಯೇ ಸುಮಾರು ಒಂದು ವಾರದಲ್ಲಿ ನೀರು ತಡೆಯುವ ತಾತ್ಕಾಲಿಕ ಅಡ್ಡಹಲಗೆಗಳಾದ ಸ್ಟಾಪ್‌ಲಾಗ್ ಕೂರಿಸಿದರು. ತುರ್ತು ಕಾಮಗಾರಿಯ ನಿರ್ವಹಣೆಗೆ ಅದಕ್ಕಿಂತ ಹತ್ತಿರದ ಅಧ್ಯಯನ ಸಿಗಲಾರದು.

ವಿಷಯ ಆರಿಸಿದ ಕೂಡಲೇ ಮಾರ್ಗದರ್ಶಕರ ಸಹಿ ಇರುವ ಪತ್ರ ಹಿಡಿದು ಸಂಬಂಧಪಟ್ಟ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಹೋಗಿ. ಏನು ಬೇಕೋ ಅದನ್ನು ಪಟ್ಟಿ ಮಾಡಿ ಕೇಳಿ: ಕಾರ್ಯಾದೇಶದ ದಿನಾಂಕ, ಅವಧಿ ವಿಸ್ತರಣೆಯ ಆದೇಶಗಳು, ಭಾಗಶಃ ಬಿಲ್ಲುಗಳ ದಿನಾಂಕಗಳು. ‘ಪ್ರಾಜೆಕ್ಟಿನ ಎಲ್ಲ ಮಾಹಿತಿ ಕೊಡಿ’ ಎಂದರೆ ಯಾರೂ ಕೊಡುವುದಿಲ್ಲ. ಕೇಳಿಯೂ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ರಾಜ್ಯದ ಕಚೇರಿಗಾದರೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರದಂತೆ ಬರೆಯಬೇಕು. ರೈಲ್ವೆ ಕೇಂದ್ರದ್ದಾದ್ದರಿಂದ ಅದಕ್ಕೆ ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕಿ. ಮೇಲ್ಮನವಿಗೂ ಸಮಯ ಬೇಕಾಗುವುದರಿಂದ ಎರಡನೇ ಸೆಮಿಸ್ಟರ್ ಮುಗಿಯುವ ಮೊದಲೇ ಈ ಅರ್ಜಿಗಳು ಹೋಗಿರಬೇಕು.